ಕಾಠ್ಮಂಡುವಿನಲ್ಲಿ ಮೊದಲ ದಿನ

ಪರದೇಶಪ್ರವಾಸವೆಂದೊಡನೆ ನಮ್ಮ ಗೃಹಸ್ಥರ ಕಣ್ಣೆದುರಿಗೆ ವಿಮಾನವೂ ಸಾಲದ ಪತ್ರವೂ ಜೊತೆಯಾಗಿಯೇ ಬಂದು ನಿಲ್ಲುವುದುಂಟು. ಬೆನ್ನಿಗೊಂದು ಚೀಲವನ್ನು ಕಟ್ಟಿಕೊಂಡು ರೈಲು ಮೋಟಾರುಗಳಲ್ಲಿಯೇ ಹೋಗಿಬರಬಹುದಾದ ಪರದೇಶವೂ ಒಂದಿದೆ; ಅದು ನೇಪಾಳ. ಜಮಖಂಡಿ, ಮುಧೋಳ, ಬೀಳಗಿ, ಬನಹಟ್ಟಿಗಳಿಂದ ಒಬ್ಬೊಬ್ಬರಂತೆ ಕೂಡಿದ ನಾವು ನಾಲ್ವರು ಗೆಳೆಯರು ಕುಡಚಿಯಲ್ಲಿ ಗಾಡಿ ಹತ್ತಿ, ಪುಣೆಯ ಮೇಲೆ ಹಾಯ್ದು ಗೋರಖಪುರವನ್ನು ಸೇರಿ, ಸುನೌಲಿಯ ಗಡಿಯನ್ನು ಕಾಲ್ನಡಿಗೆಯಿಂದಲೇ ದಾಟಿದೆವು. ಭಾರತೀಯರಿಗೆ ಅಲ್ಲಿ ವೀಸಾ ಬೇಕಿಲ್ಲ. ಪಾಸಪೋರ್ಟಾಗಲಿ ಮತದಾರರ ಗುರುತಿನ ಚೀಟಿಯಾಗಲಿ ಸಾಕು. ನಮ್ಮ 100 ರೂಪಾಯಿ ಅಲ್ಲಿಯ 160 ರೂಪಾಯಿಗೆ ಸಮ. 1993ರಿಂದ ಈ ದರವು ಕದಲಿಲ್ಲ. ಗಡಿಯಾರವನ್ನು ಮಾತ್ರ ಕಾಲು ತಾಸು ಮುಂದಕ್ಕೆ ತಿರುಗಿಸಬೇಕು. "ಕಾಲು ತಾಸಿಗಾಗಿ ಒಂದು ಬೇರೆ ದೇಶವೆ?" ಎಂದು ಮುಧೋಳದ ಗೆಳೆಯನು ನಕ್ಕನು.

ರಾತ್ರಿಯೆಲ್ಲ ಬೆಟ್ಟದ ತಿರುವುಗಳಲ್ಲಿ ಹೊಯ್ದಾಡಿದ ಬಸ್ಸು ಬೆಳಗಿನ ಜಾವದಲ್ಲಿ ಕಲಂಕಿ ಎಂಬ ಕೂಡುದಾರಿಯಲ್ಲಿ ನಮ್ಮನ್ನಿಳಿಸಿತು. ಕಾಲು ನೆಲಕ್ಕೆ ತಾಗುವುದರೊಳಗೆ ಆರೇಳು ಮಂದಿ ನಮ್ಮ ಚೀಲಗಳಿಗೆ ಕೈಹಾಕಿದ್ದರು. ಒಬ್ಬನು ಕೋಣೆ ಕೊಡಿಸುವವನು, ಒಬ್ಬನು ಟ್ಯಾಕ್ಸಿಯವನು. ಮತ್ತೊಬ್ಬನು ವಿಮಾನದ ಕಿಟಕಿಯಿಂದ ಎವರೆಸ್ಟ್ ಶಿಖರವನ್ನೇ ತೋರಿಸುವುದಾಗಿ ಹೇಳಿದನು. ಯಾತ್ರಿಕರಿಂದಲೇ ಹೊಟ್ಟೆ ಹೊರೆಯುವ ಊರುಗಳಲ್ಲಿ ಮೊದಲ ತಾಸೇ ಕಠಿಣವಾದುದು. ದಣಿದವನು, ಹಸಿದವನು, ದರವನ್ನರಿಯದವನು ಈ ಮೂವರೂ ಆಗ ಒಬ್ಬನೇ ಆಗಿರುತ್ತಾನೆ; ಅವನ ಬಾಯಿಂದ ಹೊರಡುವ 'ಆಗಲಿ' ಎಂಬ ಒಂದು ಮಾತಿಗೆ ಬೆಲೆ ಬಹಳ. ನಾವು ಯಾರಿಗೂ ಆಗಲಿ ಎನ್ನದೆ ಎದುರಿನ ಚಹದಂಗಡಿಯಲ್ಲಿ ಕುಳಿತು, ಉಳಿದಿದ್ದ ಸಜ್ಜೆಯ ರೊಟ್ಟಿ ಶೇಂಗಾ ಹಿಂಡಿಗಳ ಬುತ್ತಿಯನ್ನು ಬಿಚ್ಚಿದೆವು. ಹೊತ್ತು ಮೂಡುವಷ್ಟರಲ್ಲಿ ಗುಂಪು ಕರಗಿತು. ಅಂಗಡಿಯ ತಾಯಿಯನ್ನು ಕೇಳಿ, ಊರವರೇ ಹತ್ತುವ ಬಸ್ಸಿನಲ್ಲಿ ರತ್ನಪಾರ್ಕಿಗೆ ಹೋಗಿ, ಅಲ್ಲಿಂದ ನಡೆದು ಥಮೇಲ್ ಎಂಬ ಯಾತ್ರಿಕರ ಪೇಟೆಯನ್ನು ಸೇರಿದೆವು. ಕೋಣೆಯನ್ನು ಕಣ್ಣಾರೆ ಕಂಡು, ನೀರು ಬರುವುದೋ ಇಲ್ಲವೋ ಎಂದು ನಲ್ಲಿಯನ್ನು ತಿರುವಿ ನೋಡಿ, ಆಮೇಲೆ ಬೆಲೆಯ ಮಾತೆತ್ತಿದೆವು. ಮೊದಲು ಹೇಳಿದ ಬೆಲೆಯು ಅರ್ಧಕ್ಕಿಳಿಯಿತು.

ಚೀಲವೆಳೆದವರನ್ನು ನಾವು ಜರೆಯಲಾರೆವು. 2015ರ ಎಪ್ರಿಲ್ 25ರ ಭೂಕಂಪವು ಆ ಊರನ್ನು ಕೆಡವಿತು. 2020ರ ಮಹಾಮಾರಿಯು ಬರುವವರನ್ನೇ ನಿಲ್ಲಿಸಿತು. ಎಳೆಯುವ ಕೈಗಳ ಹಿಂದೆ ಒಲೆಗಳಿವೆ.

ಥಮೇಲಿನ ಓಣಿಗಳಲ್ಲಿ ಹೆಜ್ಜೆಗೊಂದು ಶಾಲಿನ ಅಂಗಡಿ. ಎಲ್ಲವೂ ಪಶ್ಮೀನವಂತೆ, ಎಲ್ಲವೂ ಕೈಮಗ್ಗದ್ದಂತೆ! ನಿಜವಾದ ಪಶ್ಮೀನವು ಹಿಮಾಲಯದ ಎತ್ತರದಲ್ಲಿ ಮೇಯುವ ಆಡುಗಳ ಒಳಗೂದಲು; ಅಗ್ಗಕ್ಕೆ ಸಿಗುವ ಪದಾರ್ಥವಲ್ಲ. ನೇಕಾರರ ಮನೆಯಲ್ಲಿ ಹುಟ್ಟಿದ ಬನಹಟ್ಟಿಯ ಗೆಳೆಯನು ಒಂದು ಶಾಲನ್ನು ಕೈಗೆತ್ತಿಕೊಂಡು, ಬಣ್ಣವನ್ನು ನೋಡದೆ ಅಂಚನ್ನು ನೋಡಿದನು. ಲಾಳಿಯಿಂದ ನೇಯ್ದುದಾದರೆ ಹೊಕ್ಕಿನ ನೂಲು ಅಂಚಿನಲ್ಲಿ ತಿರುಗಿ ಒಳಗೆ ಬರಬೇಕು. ಇಲ್ಲಿ ಒಂದೊಂದು ಎಳೆಯೂ ಕತ್ತರಿಸಿ ನಿಂತಿತ್ತು. "ಇದು ಲಾಳಿ ಕಂಡ ಬಟ್ಟೆಯಲ್ಲ" ಎಂದು ಅವನು ಕನ್ನಡದಲ್ಲಿಯೇ ಅಂದನು. ಅಂಗಡಿಯವನಿಗೆ ಭಾಷೆ ತಿಳಿಯದಿದ್ದರೂ ಬೆರಳು ತಿಳಿಯಿತು. ಒಳಗಿನಿಂದ ಬೇರೊಂದನ್ನು ತಂದನು. ಸೆರಗಿನ ಒಂದೆಳೆಯನ್ನು ಕೇಳಿ ಪಡೆದು ಸುಟ್ಟು ನೋಡಿದೆವು: ಉಣ್ಣೆಯು ಕೂದಲಿನಂತೆ ನಾರುತ್ತದೆ, ಕೃತಕ ನೂಲು ಕರಗಿ ಗಟ್ಟಿಮಣಿಯಾಗುತ್ತದೆ. ಇದು ಕೂದಲಿನಂತೆಯೇ ನಾರಿತು. ತಾಯಿಗೆಂದು ಅದನ್ನು ಕೊಂಡ ಮೇಲೂ ಗೆಳೆಯನ ಮುಖವು ಅರಳಲಿಲ್ಲ. ವಿದ್ಯುನ್ಮಗ್ಗದ ಸೀರೆಗೆ ಕೈಮಗ್ಗದ ಹೆಸರನ್ನು ಹಚ್ಚಿ ಮಾರುವುದು ನಮ್ಮ ಸೀಮೆಯಲ್ಲಿಯೂ ಇಲ್ಲದ ಮಾತೇನಲ್ಲ. ಆ ಹೆಸರಿನ ನಷ್ಟವನ್ನು ಹೊರುವವನು ನೇಕಾರನೇ.

ಮಧ್ಯಾಹ್ನ ಪಶುಪತಿನಾಥನ ದರ್ಶನವಾಯಿತು. ಅಲ್ಲಿಯ ಮುಖ್ಯ ಪೂಜೆಯನ್ನು ದಕ್ಷಿಣದ ಭಟ್ಟರು ಮಾಡುವುದು ಹಳೆಯ ಪದ್ಧತಿ. ಕರ್ನಾಟಕದಿಂದ ಹೋದ ಭಟ್ಟರೂ ಆ ಪೂಜೆಯನ್ನು ಮಾಡಿದ್ದಾರೆ. ಅದಕ್ಕಿಂತಲೂ ಹಿಂದೆ, 1097ರಲ್ಲಿ ನಾನ್ಯದೇವನು ಮಿಥಿಲೆಯಲ್ಲಿ ನಿಲ್ಲಿಸಿದ ಅರಸುಮನೆತನವು ಕರ್ಣಾಟವೆಂದೇ ಹೆಸರಾಗಿತ್ತು. ದೆಹಲಿಯ ತುಘಲಕರ ದಂಡು ಅವರ ಸಿಮ್ರೌನಗಢವನ್ನು ಮುರಿದಾಗ ಅರಸುಮನೆಯವರು ಈ ಕಣಿವೆಯ ಭಕ್ತಪುರದಲ್ಲಿ ಆಶ್ರಯವನ್ನು ಪಡೆದರು.

ಸಂಜೆ ಹಳೆಯ ಅರಮನೆಯ ಚೌಕದ ಬಳಿಯಲ್ಲಿರುವ ಕಾಷ್ಠಮಂಡಪಕ್ಕೆ ಹೋದೆವು. ಊರಿಗೆ ಕಾಠ್ಮಂಡುವೆಂಬ ಹೆಸರು ಬಂದುದು ಇದರಿಂದಲೇ. ವಾಚಕರು ಇದನ್ನು ಅರಮನೆಯೆಂದೋ ಗುಡಿಯೆಂದೋ ಬಗೆಯಬಹುದು. ಮೂಲದಲ್ಲಿ ಅದು ದಾರಿಹೋಕರು ತಂಗುವ ಮರದ ಛತ್ರ. ಒಂದೇ ವೃಕ್ಷದ ಮರದಿಂದ ಕಟ್ಟಿದರೆಂದು ಜನರು ಹೇಳುತ್ತಾರೆ. ಭೂಕಂಪದಲ್ಲಿ ನೆಲಸಮವಾದ ಮೇಲೆ ಅಗೆದು ನೋಡಿದ ಸಂಶೋಧಕರು ಅಸ್ತಿಭಾರವು 7ನೆಯ ಶತಮಾನದಷ್ಟು ಹಳೆಯದೆಂದು ಕಂಡುಕೊಂಡರು. ಊರವರು ಮುಂದೆ ನಿಂತು 2022ರ ಹೊತ್ತಿಗೆ ಅದನ್ನು ಮತ್ತೆ ಎತ್ತಿ ನಿಲ್ಲಿಸಿದರು. ಆಲಮಟ್ಟಿಯ ಹಿನ್ನೀರಿನಲ್ಲಿ ಹುಟ್ಟೂರನ್ನು ಕಳೆದುಕೊಂಡ ಬೀಳಗಿಯ ಗೆಳೆಯನು ಹೊಸ ಕಂಬಗಳನ್ನು ಬಹಳ ಹೊತ್ತು ಮುಟ್ಟಿಮುಟ್ಟಿ ನೋಡುತ್ತಿದ್ದನು. ಬೆಳಿಗ್ಗೆ ಕಲಂಕಿಯಲ್ಲಿ ಯಾತ್ರಿಕನು ಸರಕಾಗಿದ್ದನು. ಅದೇ ಯಾತ್ರಿಕನ ತಂಗುಮನೆಯಿಂದ ಈ ಊರು ಹೆಸರು ಪಡೆದಿದೆಯೆಂಬುದನ್ನು ನೆನೆದು ನಮಗೆ ವಿಸ್ಮಯವಾಯಿತು.

ಜಗುಲಿಯ ಅಂಚಿನಲ್ಲಿ ಮುದುಕರೊಬ್ಬರು ಬಿಸಿಲು ಕಾಯಿಸುತ್ತಿದ್ದರು. ನಮ್ಮ ಚೀಲಗಳನ್ನು ಕಂಡು ಸರಿದು ಜಾಗ ಕೊಟ್ಟು, ಎಲ್ಲಿಯವರೆಂದು ಹಿಂದಿಯಲ್ಲಿ ಕೇಳಿದರು. ನಾವು ನಾಲ್ಕು ಊರುಗಳ ಹೆಸರನ್ನೂ ಹೇಳಿದೆವು. ಅವರು ನಾಲ್ಕನ್ನೂ ತಿರುಗಿ ಉಚ್ಚರಿಸಿ ನೋಡಿದರು. ಬೀಳಗಿಯೊಂದು ಮಾತ್ರ ಅವರ ನಾಲಗೆಗೆ ಸರಿಯಾಗಿ ಕೂಡಿತು.