ಜೇಬುಚಾಕು: ಹೊಳಪಿಗೆ ಮರುಳಾಗದಿರಿ, ಉಕ್ಕು ನೋಡಿ ಕೊಳ್ಳಿ

ಲಕ್ಕವಳ್ಳಿ: ತರೀಕೆರೆ ತಾಲ್ಲೂಕಿನ ಈ ಊರು ನಾಡಿಗೆ ಪರಿಚಿತವಾಗಿರುವುದು ಭದ್ರಾ ಅಣೆಕಟ್ಟೆ ಹಾಗೂ ಅದಕ್ಕೆ ಹೊಂದಿಕೊಂಡಿರುವ ಹುಲಿ ಮೀಸಲು ಪ್ರದೇಶದಿಂದ. ಅಡಿಕೆ ತೋಟ, ಗದ್ದೆ, ಜಲಾಶಯದ ಮೀನುಗಾರಿಕೆ ಹೀಗೆ ಇಲ್ಲಿನ ಯಾವ ಕಸುಬಿಗೂ ಹರಿತವಾದ ಅಲಗೊಂದು ಬೇಕೇ ಬೇಕು. ಅಡಿಕೆ ಸುಲಿಯುವ ಮೆಟ್ಟುಗತ್ತಿ ಕಮ್ಮಾರನ ಕೈಕೆಲಸವಾದರೆ, ಹಗ್ಗ ಕತ್ತರಿಸಲು, ಗೊಬ್ಬರದ ಚೀಲದ ಹೊಲಿಗೆ ಬಿಚ್ಚಲು, ಬಲೆಯ ಸಿಕ್ಕು ತೆಗೆಯಲು ಜೇಬಿನಲ್ಲಿಟ್ಟುಕೊಳ್ಳುವ ಮಡಚುವ ಚಾಕು ಅಂಗಡಿಯಿಂದಲೇ ಬರಬೇಕು.

ಅಗ್ಗದ ಬೆಲೆಯ ಈ ಚಾಕುಗಳು ಹೊರನೋಟಕ್ಕೆ ಬಹುತೇಕ ಒಂದೇ ಬಗೆಯವು. ಆದರೆ ಒಂದು ಕೆಲವೇ ದಿನಗಳಲ್ಲಿ ಮೊಂಡಾಗುತ್ತದೆ, ಮತ್ತೊಂದು ಹೆಚ್ಚು ಕಾಲ ಹರಿತ ಉಳಿಸಿಕೊಳ್ಳುತ್ತದೆ, ಇನ್ನೊಂದು ಮೊದಲ ಮಳೆಗಾಲಕ್ಕೇ ತುಕ್ಕು ಹಿಡಿಯುತ್ತದೆ. ಇದು ಕೇವಲ ಹಣದ ಪ್ರಶ್ನೆಯಲ್ಲ. ಮೊಂಡು ಚಾಕಿಗೆ ಹೆಚ್ಚು ಬಲ ಹಾಕಬೇಕಾಗುತ್ತದೆ. ಬಲ ಹೆಚ್ಚಿದಷ್ಟೂ ಅಲಗು ಜಾರಿ ಕೈಗೆ ತಗಲುವ ಸಂಭವ ಹೆಚ್ಚು. ದಿನಗೂಲಿ ಮಾಡುವವರಿಗೆ ಕೈಗಾಯವೆಂದರೆ ದುಡಿಮೆಯ ನಷ್ಟ.

ಇಂಗಾಲವೇ ಜೀವಾಳ

ಕಬ್ಬಿಣಕ್ಕೆ ಅಲ್ಪ ಪ್ರಮಾಣದಲ್ಲಿ ಇಂಗಾಲ ಬೆರೆತಾಗ ಅದು ಉಕ್ಕಾಗುತ್ತದೆ. ಕಾಯಿಸಿ ತಣಿಸಿದಾಗ ಅಲಗು ಎಷ್ಟು ಗಟ್ಟಿಯಾಗಬಲ್ಲದು ಎಂಬುದನ್ನು ಮುಖ್ಯವಾಗಿ ನಿರ್ಧರಿಸುವುದು ಈ ಇಂಗಾಲವೇ. ಇನ್ನು ತುಕ್ಕನ್ನು ತಡೆಯುವುದು ಕ್ರೋಮಿಯಂ. ಅದು ಶೇ. 10.5ಕ್ಕಿಂತ ಹೆಚ್ಚಿದ್ದರೆ ಉಕ್ಕನ್ನು ಸ್ಟೇನ್‌ಲೆಸ್ ಎನ್ನಲಾಗುತ್ತದೆ. ಇಂಗ್ಲೆಂಡಿನ ಶೆಫೀಲ್ಡಿನಲ್ಲಿ ಹ್ಯಾರಿ ಬ್ರಿಯರ್ಲಿ 1913ರಲ್ಲಿ ತಯಾರಿಸಿದ ಇಂತಹ ಉಕ್ಕು ಚಾಕುಗಳ ತಯಾರಿಕೆಯನ್ನೇ ಬದಲಿಸಿತು.

ಉಕ್ಕಿನ ಕಥೆ ಈ ಸೀಮೆಗೆ ಹೊಸತಲ್ಲ. ದಕ್ಷಿಣ ಭಾರತದಲ್ಲಿ ಮೂಸೆಯಲ್ಲಿ ಕರಗಿಸಿ ತಯಾರಿಸುತ್ತಿದ್ದ ಹೆಚ್ಚು ಇಂಗಾಲದ ಉಕ್ಕನ್ನು ಪಾಶ್ಚಾತ್ಯರು ‘ವೂಟ್ಜ್’ ಎಂದು ಕರೆದರು. ಅದು ಕನ್ನಡದ ‘ಉಕ್ಕು’ ಪದದ ಅಪಭ್ರಂಶವೆಂಬ ಅಭಿಪ್ರಾಯ ವ್ಯಾಪಕವಾಗಿದೆ. ಇಂಗ್ಲೆಂಡಿನ ವಿಜ್ಞಾನಿ ಮೈಕೆಲ್ ಫ್ಯಾರಡೆ ಕೂಡ ಇದರ ಗುಟ್ಟು ತಿಳಿಯಲು ಪ್ರಯೋಗ ನಡೆಸಿದ್ದರು. ಲಕ್ಕವಳ್ಳಿಯಿಂದ ಕೆಳಕ್ಕೆ ಹರಿಯುವ ಭದ್ರೆಯ ದಡದಲ್ಲೇ, ಭದ್ರಾವತಿಯಲ್ಲಿ, ಮೈಸೂರು ಸಂಸ್ಥಾನದ ಕಬ್ಬಿಣದ ಕಾರ್ಖಾನೆ 1923ರಲ್ಲಿ ಉತ್ಪಾದನೆ ಆರಂಭಿಸಿತು. ಕೆಮ್ಮಣ್ಣುಗುಂಡಿಯ ಅದಿರನ್ನು ಬಳಸಿದ ಈ ಕಾರ್ಖಾನೆ ಮುಂದೆ ಮಿಶ್ರಲೋಹದ ವಿಶೇಷ ಉಕ್ಕಿಗೆ ಹೆಸರಾಯಿತು. ಇಂಗಾಲ, ಕ್ರೋಮಿಯಂ ಮೊದಲಾದವುಗಳ ಪ್ರಮಾಣವನ್ನು ಹೊಂದಿಸಿ ಕೆಲಸಕ್ಕೆ ತಕ್ಕ ಉಕ್ಕು ಪಡೆಯುವುದು ಇಂತಹ ಕಾರ್ಖಾನೆಗಳ ಕಸುಬು. ಚಾಕಿನ ಅಲಗಿಗೂ ಇದೇ ತತ್ವ ಅನ್ವಯಿಸುತ್ತದೆ.

ಅಂಕಿಗಳ ಅರ್ಥ

ಅಲಗಿನ ಮೇಲೆ ಬರೀ ‘ಸ್ಟೇನ್‌ಲೆಸ್’ ಎಂದಷ್ಟೇ ಅಚ್ಚಾಗಿದ್ದರೆ ಅದು ತುಕ್ಕಿನ ವಿಚಾರ ಹೇಳುತ್ತದೆಯೇ ಹೊರತು ಹರಿತದ ವಿಚಾರವನ್ನಲ್ಲ. ಉಕ್ಕಿನ ಜಾತಿಯನ್ನು ತಿಳಿಸುವ ಸಂಕೇತವಿದ್ದರೆ ಹೋಲಿಕೆ ಸಾಧ್ಯ.

ಕಡಿಮೆ ಬೆಲೆಯ ಚಾಕುಗಳಲ್ಲಿ ಸಾಮಾನ್ಯವಾಗಿ ಕಾಣಸಿಗುವ 420ಜೆ2 ಮತ್ತು 3ಸಿಆರ್13 ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.3 ಮಾತ್ರ. ಇವು ತುಕ್ಕನ್ನು ಚೆನ್ನಾಗಿ ತಡೆಯುತ್ತವೆ, ಸುಲಭವಾಗಿ ಮುರಿಯುವುದಿಲ್ಲ, ಸಾಣೆಗೂ ಬೇಗ ಬಗ್ಗುತ್ತವೆ. ಆದರೆ ಬಾಯಿ ಬಹುಬೇಗ ಮಡಚಿ ಮೊಂಡಾಗುತ್ತದೆ. 8ಸಿಆರ್13ಎಂಒವಿ ಎಂಬ ಉಕ್ಕಿನಲ್ಲಿ ಇಂಗಾಲ ಸುಮಾರು ಶೇ. 0.8, ಅಗ್ಗದ ಚಾಕುಗಳ ಪೈಕಿ ಹರಿತ ಉಳಿಸಿಕೊಳ್ಳುವುದರಲ್ಲಿ ಇದು ಮೇಲು.

‘440’ ಎಂಬ ಅಂಕಿಯ ಬಗ್ಗೆ ಎಚ್ಚರ ಅಗತ್ಯ. 440ಎ, 440ಬಿ, 440ಸಿ ಎಂಬ ಮೂರು ಬಗೆಗಳಿವೆ. ‘ಎ’ಯಲ್ಲಿ ಇಂಗಾಲ ಶೇ. 0.60ರಿಂದ 0.75, ‘ಸಿ’ಯಲ್ಲಿ ಶೇ. 0.95ರಿಂದ 1.20. ಅಕ್ಷರವಿಲ್ಲದೆ ಬರೀ ‘440’ ಎಂದಿದ್ದರೆ ಅದನ್ನು ‘440ಸಿ’ ಎಂದು ಭಾವಿಸಬೇಕಿಲ್ಲ. ಅಲಗಿನ ಮೇಲೆ ಅಲೆಯಲೆಯಾದ ‘ಡಮಾಸ್ಕಸ್’ ಚಿತ್ತಾರವಿದ್ದರೂ ಅಷ್ಟೇ. ಅಗ್ಗದ ಚಾಕುಗಳಲ್ಲಿ ಅದು ಬಹುತೇಕ ಮೇಲ್ಮೈಗೆ ಮೂಡಿಸಿದ ಅಲಂಕಾರ ಮಾತ್ರ.

ಹದ ತಪ್ಪಿದರೆ ಎಲ್ಲವೂ ವ್ಯರ್ಥ

ಉತ್ತಮ ಉಕ್ಕಿಗೂ ಸರಿಯಾದ ಹದ ಬೇಕು. ಅಲಗನ್ನು ಕೆಂಪಗೆ ಕಾಯಿಸಿ, ತಟ್ಟನೆ ತಣಿಸಿದರೆ ಅದು ಗಾಜಿನಂತೆ ಗಟ್ಟಿಯಾಗುತ್ತದೆ, ಜೊತೆಗೆ ಪೆಡಸಾಗುತ್ತದೆ. ಮತ್ತೆ ಮಂದ ಶಾಖ ಕೊಟ್ಟು ಪೆಡಸುತನವನ್ನು ತಗ್ಗಿಸಬೇಕು. ಲಾರಿಯ ಹಳೆಯ ಸ್ಪ್ರಿಂಗ್ ಪಟ್ಟಿಯಿಂದ ಕತ್ತಿ ತಟ್ಟುವ ಕಮ್ಮಾರ ಈ ಶಾಖವನ್ನು ಬಣ್ಣದಿಂದಲೇ ಅಳೆಯುತ್ತಾನೆ. ಸ್ಟೇನ್‌ಲೆಸ್ ಉಕ್ಕಿಗೆ ಇದು ಸಾಲದು. ಅದಕ್ಕೆ ಸಾವಿರ ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿನ ನಿಯಂತ್ರಿತ ಶಾಖ ಬೇಕು. ಕುಲುಮೆಯಲ್ಲಿ ಸ್ಟೇನ್‌ಲೆಸ್ ಕತ್ತಿಗಳು ವಿರಳವಾಗಿರಲು ಇದೂ ಒಂದು ಕಾರಣ.

ಗಟ್ಟಿತನವನ್ನು ರಾಕ್‌ವೆಲ್ ಮಾಪನದಲ್ಲಿ ಹೇಳಲಾಗುತ್ತದೆ. 52ರ ಆಸುಪಾಸಿನ ಅಲಗು ಮೆತ್ತಗೆ; 57ರಿಂದ 59 ಇದ್ದರೆ ಬಾಯಿ ಹೆಚ್ಚು ಬಾಳುತ್ತದೆ. ಗಟ್ಟಿತನವೇ ಸರ್ವಸ್ವವೂ ಅಲ್ಲ. ಸ್ವಿಟ್ಜರ್ಲೆಂಡಿನ ಪ್ರಸಿದ್ಧ ವಿಕ್ಟೋರಿನಾಕ್ಸ್ ಜೇಬುಚಾಕುಗಳ ಅಲಗು 56ರ ಆಸುಪಾಸಿನದು. ಸಾಧಾರಣ ಉಕ್ಕಿಗೂ ಒಳ್ಳೆಯ ಹದ ಕೊಟ್ಟರೆ ಅದು ವರ್ಷಗಟ್ಟಲೆ ಬಾಳುತ್ತದೆ ಎಂಬುದಕ್ಕೆ ಇದು ನಿದರ್ಶನ.

ಮಲೆನಾಡಿನ ತೇವ, ಅಡಿಕೆಯ ಚೊಗರು

ಕ್ರೋಮಿಯಂ ಇಲ್ಲದ ಸಾದಾ ಇಂಗಾಲದ ಉಕ್ಕು ಕಲ್ಲಿನ ಮೇಲೆ ಸುಲಭವಾಗಿ ಹರಿತವಾಗುತ್ತದೆ. ಆದರೆ ಹಸಿ ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಕಬ್ಬಿಣದೊಡನೆ ಸೇರಿ ಅಲಗನ್ನು ಕಪ್ಪಾಗಿಸುತ್ತದೆ. ಈ ಕಪ್ಪು ತುಕ್ಕಲ್ಲ, ಅದರಿಂದ ಚಾಕು ಕೆಡುವುದಿಲ್ಲ. ಒದ್ದೆಯಾಗಿಯೇ ಬಿಟ್ಟರೆ ಬರುವ ಕೆಂಪು ತುಕ್ಕು ಮಾತ್ರ ಬಾಯನ್ನು ತಿನ್ನುತ್ತದೆ. ಒರೆಸಿ, ಒಂದು ಹನಿ ಕೊಬ್ಬರಿ ಎಣ್ಣೆ ಸವರಿಟ್ಟರೆ ಸಾಕು. ಸದಾ ನೀರಿನಲ್ಲಿರುವ ಮೀನುಗಾರರಿಗೆ ಸ್ಟೇನ್‌ಲೆಸ್ ಚಾಕೇ ಲೇಸು.

ಕೊಳ್ಳುವ ಮುನ್ನ

* ಉಕ್ಕಿನ ಪೂರ್ಣ ಸಂಕೇತ, ಅಕ್ಷರ ಸಹಿತ, ಅಲಗಿನ ಮೇಲೋ ಪೆಟ್ಟಿಗೆಯ ಮೇಲೋ ಇದೆಯೇ ನೋಡಿ.

* ಅಲಗಿಗೆ ಆಯಸ್ಕಾಂತ ಅಂಟದಿದ್ದರೆ ಅದು ಸಾಮಾನ್ಯವಾಗಿ ಪಾತ್ರೆಗೆ ಬಳಸುವ, ಹದದಿಂದ ಗಟ್ಟಿಯಾಗದ ಉಕ್ಕು. ಅಂಟಿದ ಮಾತ್ರಕ್ಕೆ ಉತ್ತಮವೆಂದು ತಿಳಿಯಬೇಡಿ. ಮೆತ್ತನೆಯ 420ಜೆ2 ಉಕ್ಕಿಗೂ ಅದು ಅಂಟುತ್ತದೆ.

* ಬಿಚ್ಚಿದ ಅಲಗನ್ನು ಪಕ್ಕಕ್ಕೆ ಮೆಲ್ಲಗೆ ಅಲುಗಿಸಿ. ಬುಡ ಸಡಿಲವಿದ್ದರೆ, ಅಥವಾ ಲಾಕ್ ಇರುವ ಚಾಕಿನಲ್ಲಿ ಅದು ಜಾರಿದರೆ, ಉಕ್ಕು ಎಷ್ಟೇ ಒಳ್ಳೆಯದಾದರೂ ಕೊಳ್ಳಬೇಡಿ. ಬೆರಳಿನ ಮೇಲೆ ಮಡಚಿಕೊಳ್ಳುವ ಚಾಕು ಮೊಂಡು ಚಾಕಿಗಿಂತ ಅಪಾಯಕಾರಿ.

* ಹೊಸ ಚಾಕು ತಂದ ಮೇಲೆ ಒಮ್ಮೆ ಸಾಣೆ ಹಿಡಿದು, ಒಣ ತೆಂಗಿನ ಹಗ್ಗವನ್ನು ಹತ್ತಾರು ಬಾರಿ ಕತ್ತರಿಸಿ, ಬಳಿಕ ಕಾಗದದ ಮೇಲೆ ಪರೀಕ್ಷಿಸಿ. ಕಾಗದ ಹರಿಯದೆ ಕೊಯ್ಯುತ್ತಿದ್ದರೆ ಉಕ್ಕೂ ಹದವೂ ಸರಿಯಿವೆ ಎನ್ನಬಹುದು.

ಮೆತ್ತನೆಯ ಉಕ್ಕಿನ ಚಾಕನ್ನು ಈಗಾಗಲೇ ಕೊಂಡವರು ಅದನ್ನು ಎಸೆಯಬೇಕಿಲ್ಲ. ಸಾಣೆಕಲ್ಲೊಂದು ಜೊತೆಗಿದ್ದು, ವಾರಕ್ಕೊಮ್ಮೆ ತೇಯುವ ರೂಢಿಯಿದ್ದರೆ ಅದೂ ಕೆಲಸಕ್ಕೆ ಬರುತ್ತದೆ. ಸಾಣೆ ಕಾಣದ ದುಬಾರಿ ಚಾಕಿಗಿಂತ ಸಾಣೆ ಕಂಡ ಅಗ್ಗದ ಚಾಕೇ ಕೈಗೆ ಕ್ಷೇಮ.