ಚಂಡೀಗಢದಲ್ಲಿ ಮನೆಗಳುಳಿದವು, ಕುರ್ಚಿಗಳು ಹೋದವು

ಸರಕಾರಿ ಶಾಲೆಯಲ್ಲಿ ಓದಿದವರಿಗೆ ಬೆಂಚಿನ ಹಿಂಬದಿಯಲ್ಲಿ ಬಿಳಿ ಬಣ್ಣದಿಂದ ಬರೆದ ಅಕ್ಷರಗಳು ಅಪರಿಚಿತವಲ್ಲ. ಶಾಲೆಯ ಹೆಸರಿನ ಮೊದಲಕ್ಷರಗಳು, ಒಂದು ಕ್ರಮಸಂಖ್ಯೆ, ಕೆಲವೊಮ್ಮೆ ಇಸವಿ. ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರುವ ದಾಸ್ತಾನು ಪುಸ್ತಕದಲ್ಲಿ ಅದೇ ಸಂಖ್ಯೆಯ ಎದುರು ಒಂದು ಸಾಲಿನ ವಿವರಣೆ. ಇಂಥದೇ ಅಕ್ಷರಗಳನ್ನು ಬೆನ್ನಿನಲ್ಲಿ ಹೊತ್ತ ತೇಗದ ಕುರ್ಚಿಗಳು ಇಂದು ಪ್ಯಾರಿಸ್, ಲಂಡನ್, ನ್ಯೂಯಾರ್ಕ್ ನಗರಗಳ ಹರಾಜು ಮಳಿಗೆಗಳಲ್ಲಿ ಲಕ್ಷಾಂತರ ರೂಪಾಯಿಗೆ ಬಿಕರಿಯಾಗುತ್ತಿವೆ. ಒಂದು ಕಾಲದಲ್ಲಿ ಅವುಗಳ ಮೇಲೆ ಕುಳಿತವರು ಗುಮಾಸ್ತರು, ಗ್ರಂಥಾಲಯದ ವಿದ್ಯಾರ್ಥಿಗಳು, ಕಚೇರಿಯ ಮುಂದೆ ಸರದಿ ಕಾಯುತ್ತಿದ್ದ ಅರ್ಜಿದಾರರು. ಹಿಂಬದಿಯ ಅಕ್ಷರಗಳು ಅಳಿಯದೆ ಉಳಿದಿದ್ದರೆ ಬೆಲೆ ಇನ್ನೂ ಹೆಚ್ಚು. ಕುರ್ಚಿ ಅಸಲಿಯೆಂಬುದಕ್ಕೆ ಅದೇ ಸಾಕ್ಷ್ಯ.

ಈ ಕುರ್ಚಿಗಳ ತವರು ಚಂಡೀಗಢ. ದೇಶವಿಭಜನೆಯಲ್ಲಿ ಲಾಹೋರನ್ನು ಕಳೆದುಕೊಂಡ ಭಾರತದ ಪಂಜಾಬಿಗೆ ರಾಜಧಾನಿಯೇ ಇರಲಿಲ್ಲ. 1951ರಲ್ಲಿ ಹೊಸ ನಗರದ ನಿರ್ಮಾಣಕ್ಕಾಗಿ ಲೆ ಕಾರ್ಬೂಸಿಯೆ, ಅವರ ದಾಯಾದಿ ಸೋದರ ಪಿಯರ್ ಜಾನರೆ, ಆಂಗ್ಲ ದಂಪತಿಗಳಾದ ಮ್ಯಾಕ್ಸ್‌ವೆಲ್ ಫ್ರೈ ಮತ್ತು ಜೇನ್ ಡ್ರೂ ಬಂದರು. ಕಾರ್ಬೂಸಿಯೆಯವರದು ಹೋಗಿಬರುವ ಸಂಬಂಧ. ವಿಧಾನಸಭೆ, ಹೈಕೋರ್ಟು, ಸಚಿವಾಲಯಗಳ ಮಹಾಕಟ್ಟಡಗಳು ಅವರ ಪಾಲಿಗೆ ಸೇರಿದವು. ಅಲ್ಲಿಯೇ ನೆಲೆಸಿ ದಿನನಿತ್ಯದ ಕೆಲಸವನ್ನು ಹೊತ್ತವರು ಜಾನರೆ. 1965ರವರೆಗೆ ಅವರು ಚಂಡೀಗಢವನ್ನು ಬಿಡಲಿಲ್ಲ. 1967ರಲ್ಲಿ ಜಿನೀವಾದಲ್ಲಿ ತೀರಿಕೊಂಡ ಅವರ ಚಿತಾಭಸ್ಮವನ್ನು ಅವರ ಇಚ್ಛೆಯಂತೆ ಚಂಡೀಗಢದ ಸುಖ್ನಾ ಸರೋವರದಲ್ಲಿ ವಿಸರ್ಜಿಸಲಾಯಿತು.

ಸಾವಿರಾರು ಸರಕಾರಿ ನೌಕರರಿಗೆ ಏಕಕಾಲಕ್ಕೆ ಸೂರು ಒದಗಿಸಬೇಕಾಗಿತ್ತು. ಮುಖ್ಯಮಂತ್ರಿಯಿಂದ ಜವಾನನವರೆಗೆ ದರ್ಜೆಗೆ ತಕ್ಕಂತೆ ಮನೆಗಳ ಮಾದರಿಗಳು ಸಿದ್ಧವಾದವು. ಪ್ರತಿ ಮಾದರಿಯ ಸಂಖ್ಯೆಯೊಡನೆ ಅದನ್ನು ರೂಪಿಸಿದವರ ಹೆಸರಿನ ಮೊದಲಕ್ಷರವೂ ಇರುತ್ತಿತ್ತು. ಉಕ್ಕು, ಸಿಮೆಂಟುಗಳು ದುರ್ಲಭವಾಗಿದ್ದ ದಿನಗಳು. ಕೈಗೆ ಸಿಕ್ಕುತ್ತಿದ್ದುದು ಸ್ಥಳೀಯ ಇಟ್ಟಿಗೆ. ಅದನ್ನೇ ಗಾರೆಯಿಂದ ಮುಚ್ಚದೆ ಗೋಡೆಯಾಗಿಸಿ, ಅಲ್ಲಲ್ಲಿ ಸಂದು ಬಿಟ್ಟು ಜಾಲಂಧ್ರವಾಗಿಸಿ, ಮುಂದಕ್ಕೆ ಚಾಚಿ ಬಿಸಿಲಿಗೆ ತಡೆಯಾಗಿಸಿದರು. ಉತ್ತರದ ಬೇಸಗೆಯಲ್ಲಿ ಜನ ಮನೆಯೊಳಗೆ ಮಲಗುವುದಿಲ್ಲವೆಂಬುದನ್ನು ಅರಿತು ಅಂಗಳಕ್ಕೂ ಮಹಡಿಗೂ ಮಹತ್ತ್ವ ಕೊಟ್ಟರು. ಅತ್ಯಂತ ಕೆಳದರ್ಜೆಯ ನೌಕರನ ಮನೆಯಲ್ಲಿಯೂ ಎರಡು ಕೋಣೆ, ಅಡುಗೆಮನೆ, ಹಿತ್ತಲ ಅಂಗಳ ಇದ್ದುವು. ಅಂದಿನ ಭಾರತದ ಯಾವ ನಗರದಲ್ಲಿ ಜವಾನನಿಗೆ ಇಷ್ಟು ದೊರೆಯುತ್ತಿತ್ತು? ಜಾನರೆಯವರು ತಾವು ವಾಸವಾಗಿದ್ದ ಮನೆಯೂ ಸರಕಾರಿ ಮಾದರಿಯದೇ. ಐದನೆಯ ಸೆಕ್ಟರಿನ 57ನೆಯ ಸಂಖ್ಯೆಯ ಆ ಮನೆ ಈಗ ವಸ್ತುಸಂಗ್ರಹಾಲಯ.

ಕಟ್ಟಡಗಳೆದ್ದ ಮೇಲೆ ಒಳಗೆ ಕೂರುವುದಕ್ಕೆ ಬೇಕಲ್ಲ! ಅಷ್ಟು ಸಂಖ್ಯೆಯ ಪೀಠೋಪಕರಣಗಳನ್ನು ಒಟ್ಟಿಗೆ ಪೂರೈಸಬಲ್ಲ ಕಾರ್ಖಾನೆ ಇರಲಿಲ್ಲ. ಇದ್ದವರು ಬಡಗಿಗಳು. ಹೀಗಾಗಿ ಯಾವ ಬಡಗಿಯಾದರೂ ಸಾಮಾನ್ಯ ಹತ್ಯಾರುಗಳಿಂದ ಮಾಡಬಹುದಾದ ವಿನ್ಯಾಸವನ್ನು ಜಾನರೆ ಮತ್ತು ಅವರ ಭಾರತೀಯ ಸಹೋದ್ಯೋಗಿಗಳು ರೂಪಿಸಿದರು. ತೇಗ ಅಥವಾ ನಮ್ಮ ಬೀಟೆಯ ಕುಲಕ್ಕೆ ಸೇರಿದ ಶೀಶಮ್ ಮರದ ದಪ್ಪ ಪಟ್ಟಿಗಳು. ಕೂರುವಲ್ಲಿ, ಒರಗುವಲ್ಲಿ ಗಾಳಿಯಾಡುವ ಬೆತ್ತದ ಹೆಣಿಗೆ. ಇಕ್ಕೆಲಗಳಲ್ಲಿ ಮಕ್ಕಳ ಜ್ಯಾಮಿತಿ ಪೆಟ್ಟಿಗೆಯ ಕೈವಾರವನ್ನು ಬಿಡಿಸಿ ನಿಲ್ಲಿಸಿದಂತೆ ಎರಡು ಕಾಲುಗಳು ಮೇಲೆ ಕೂಡಿ ಕೆಳಗೆ ಅಗಲುತ್ತವೆ. ಆ ಕೂಡುವ ತುದಿಯ ಮೇಲೆ ಕೈಯೊರಗಿನ ಪಟ್ಟಿ. ಕೆತ್ತನೆಯಿಲ್ಲ, ತಿರುವಿಲ್ಲ. ಕಾಲುಗಳು ಓರೆಯಾಗಿ ಭಾರವನ್ನು ಹಂಚಿಕೊಳ್ಳುವುದರಿಂದ ಕುರ್ಚಿ ಅಲುಗುವುದಿಲ್ಲ. ಮೇಜು, ಕಪಾಟು, ಮಂಚ, ಗ್ರಂಥಾಲಯದ ಓದುಪೀಠಗಳಿಗೂ ಇದೇ ವ್ಯಾಕರಣ ವಿಸ್ತರಿಸಿತು. ಒಂದೊಂದು ಕಾರ್ಯಾಗಾರದ ಕುರ್ಚಿ ಇನ್ನೊಂದಕ್ಕಿಂತ ಕೂದಲೆಳೆಯಷ್ಟು ಭಿನ್ನ. ಬಡಗಿಯ ಕೈಗುಣ ಅದು.

ಇಲ್ಲಿ ಒಂದು ಅನ್ಯಾಯವನ್ನೂ ದಾಖಲಿಸಬೇಕು. ಜಗತ್ತು ಇವುಗಳನ್ನು ಜಾನರೆಯ ಕುರ್ಚಿಗಳೆಂದೇ ಕರೆಯುತ್ತದೆ. ಆದರೆ ಆ ತಂಡದಲ್ಲಿ ದುಡಿದ ವಾಸ್ತುಶಿಲ್ಪಿ ಯೂಲಿ ಚೌಧರಿಯವರ ಪಾಲು ಈ ವಿನ್ಯಾಸಗಳಲ್ಲಿ ದೊಡ್ಡದೆಂಬುದನ್ನು ವಿದ್ವಾಂಸರು ಈಗ ಒಪ್ಪುತ್ತಾರೆ. ಹರಾಜಿನ ಪಟ್ಟಿಗಳಲ್ಲಿ ಆಕೆಯ ಹೆಸರು ಕಾಣುವುದು ಅಪರೂಪ. ಬಡಗಿಗಳ ಹೆಸರಂತೂ ಇಲ್ಲವೇ ಇಲ್ಲ.

1966ರ ನವೆಂಬರ್ 1ರಂದು ಪಂಜಾಬ್ ಭಾಷೆಯ ಆಧಾರದಲ್ಲಿ ಒಡೆಯಿತು, ಹರಿಯಾಣ ಹುಟ್ಟಿತು. ನವೆಂಬರ್ 1ಕ್ಕೆ ಏನು ಅರ್ಥವೆಂದು ಗಡಿನಾಡ ಕನ್ನಡಿಗರಿಗೆ ಹೇಳಿಕೊಡಬೇಕಿಲ್ಲ. ಸರಿಯಾಗಿ ಹತ್ತು ವರ್ಷಗಳ ಹಿಂದೆ ಅದೇ ದಿನ ಕಾಸರಗೋಡು ಕೇರಳದ ಪಾಲಾಗಿತ್ತು. ಚಂಡೀಗಢ ಎರಡೂ ರಾಜ್ಯಗಳಿಗೆ ರಾಜಧಾನಿಯಾಗಿ, ತಾನು ಯಾವ ರಾಜ್ಯಕ್ಕೂ ಸೇರದ ಕೇಂದ್ರಾಡಳಿತ ಪ್ರದೇಶವಾಗಿ ಉಳಿಯಿತು. ಒಂದೇ ನಗರದಲ್ಲಿ ಮೂರು ಆಡಳಿತಗಳು, ಜೊತೆಗೆ ವಿಶ್ವವಿದ್ಯಾಲಯ, ಹೈಕೋರ್ಟು. ಕುರ್ಚಿಗಳು ಎಲ್ಲರವೂ ಆಗಿದ್ದುವು, ಎಂದರೆ ಯಾರವೂ ಆಗಿರಲಿಲ್ಲ.

ಬೆತ್ತ ಹರಿದಾಗ ಹೆಣೆಯುವವರು ಸಿಕ್ಕಲಿಲ್ಲ. ಕಾಲು ಸಡಿಲಿದರೆ ದುರಸ್ತಿಯ ಖರ್ಚಿಗೆ ಮಂಜೂರಾತಿ ಪಡೆಯುವುದಕ್ಕಿಂತ ಹೊಸ ಉಕ್ಕಿನ ಕುರ್ಚಿಯನ್ನು ತರಿಸುವುದೇ ಸುಲಭ. ಹಳೆಯವು ಕಚೇರಿಗಳ ಮಹಡಿಗಳಲ್ಲಿ, ಹಿತ್ತಲುಗಳಲ್ಲಿ ರಾಶಿಯಾಗಿ ಮಳೆ ಬಿಸಿಲುಗಳಿಗೆ ಒಡ್ಡಿಕೊಂಡು ಬಿದ್ದುವು. ನಿಯಮಾನುಸಾರ ನಿರುಪಯುಕ್ತವೆಂದು ಘೋಷಿಸಿ ನಿಯಮಾನುಸಾರ ಹರಾಜು ಹಾಕಲಾಯಿತು. ಕೊಳ್ಳುತ್ತಿದ್ದವರು ಗುಜರಿಯವರು. ಕಳೆದ ಶತಮಾನದ ಕೊನೆಯ ವರ್ಷಗಳಲ್ಲಿ ಈ ಸುದ್ದಿ ಫ್ರಾನ್ಸಿನ ಕೆಲವು ಕಲಾವ್ಯಾಪಾರಿಗಳಿಗೆ ತಲಪಿತು. ಅವರು ಬಂದು ಗುಜರಿಯ ಬೆಲೆಗೆ ಲಾರಿಗಟ್ಟಲೆ ಕೊಂಡು, ಹಡಗಿಗೇರಿಸಿ, ಅಲ್ಲಿ ಮರವನ್ನು ಉಜ್ಜಿ, ಬೆತ್ತವನ್ನು ಹೊಸದಾಗಿ ಹೆಣೆಸಿ, ಅಂದದ ಪುಸ್ತಕಗಳನ್ನು ಅಚ್ಚು ಹಾಕಿಸಿ ಮಾರಿದರು. ನಗರದ ನಕ್ಷೆಯನ್ನು ಎರಕ ಹೊಯ್ದಿದ್ದ ಚರಂಡಿಯ ಕಬ್ಬಿಣದ ಮುಚ್ಚಳಗಳೂ ಹಾಗೆಯೇ ಹೋದುವು. ಅಮೆರಿಕದ ಕಲಾವಿದೆ ಏಮಿ ಸೀಗಲ್ 2013ರಲ್ಲಿ ಈ ಪಯಣವನ್ನು ಚಲನಚಿತ್ರವಾಗಿಸಿದರು. ಚಿತ್ರ ಹಿಮ್ಮುಖವಾಗಿ ಚಲಿಸುತ್ತದೆ: ಸಿರಿವಂತರ ದಿವಾನಖಾನೆಯಿಂದ ಹರಾಜು ಮಳಿಗೆಗೆ, ದುರಸ್ತಿಯ ಶಾಲೆಗೆ, ಹಡಗಿಗೆ, ಕಡೆಗೆ ಚಂಡೀಗಢದ ಕಚೇರಿಗೆ. ಸ್ವಾರಸ್ಯವೆಂದರೆ, ಆ ಚಿತ್ರವನ್ನೂ ಆಕೆ ಲಂಡನ್ನಿನಲ್ಲಿ ಹರಾಜಿಗಿಟ್ಟರು.

ವ್ಯಾಪಾರಿಗಳನ್ನು ಕಳ್ಳರೆಂದು ಬೈಯುವುದು ಸುಲಭ, ಕಾನೂನು ಹಾಗೆನ್ನುವುದಿಲ್ಲ. ಒಡೆಯನಾದ ಸರಕಾರವೇ ಬಹಿರಂಗ ಹರಾಜಿನಲ್ಲಿ ಮಾರಿದ ಮೇಲೆ ಕೊಂಡವನಿಗೆ ನಿರ್ಬಾಧಿತ ಸ್ವಾಮ್ಯ ಪ್ರಾಪ್ತವಾಗುತ್ತದೆ. ಮಾರಿದ ವಸ್ತುವಿನ ಬೆಲೆ ಆಮೇಲೆ ನೂರ್ಮಡಿಸಿತೆಂಬುದು ಮಾರಾಟವನ್ನು ರದ್ದುಪಡಿಸುವ ಕಾರಣವಲ್ಲ. ಅವರು ಕೊಳ್ಳದಿದ್ದಲ್ಲಿ ಎಷ್ಟೋ ಕುರ್ಚಿಗಳು ಒಲೆಗೆ ಸೇರುತ್ತಿದ್ದುವೆಂಬ ವಾದವನ್ನೂ ತಳ್ಳಿಹಾಕಲಾಗದು.

ಹಾಗಿದ್ದರೆ ರಫ್ತನ್ನು ತಡೆಯಬಹುದಿತ್ತೇ? 1972ರ ಪುರಾವಸ್ತು ಮತ್ತು ಕಲಾನಿಧಿ ಕಾಯಿದೆಯ ಪ್ರಕಾರ ಪುರಾವಸ್ತುವನ್ನು ಖಾಸಗಿಯವರು ದೇಶದ ಹೊರಗೆ ಒಯ್ಯುವಂತಿಲ್ಲ. ಆದರೆ ಪುರಾವಸ್ತುವೆನಿಸಲು ನೂರು ವರ್ಷ ತುಂಬಿರಬೇಕು. ಹಸ್ತಪ್ರತಿಗಳಿಗಷ್ಟೇ ಎಪ್ಪತ್ತೈದರ ವಿನಾಯಿತಿ. 1955ರಲ್ಲಿ ಮಾಡಿದ ಕುರ್ಚಿಗೆ ನೂರು ತುಂಬುವುದು 2055ಕ್ಕೆ. ಸಾಂಸ್ಕೃತಿಕ ಸ್ವತ್ತಿನ ಅಕ್ರಮ ಸಾಗಣೆಯ ವಿರುದ್ಧ ಯುನೆಸ್ಕೋ 1970ರಲ್ಲಿ ರೂಪಿಸಿದ ಒಪ್ಪಂದವೂ ಪೀಠೋಪಕರಣವನ್ನು ಹೆಸರಿಸಿಯೇ ನೂರು ವರ್ಷಗಳ ಗಡಿಯನ್ನು ಹಾಕಿದೆ.

ಆದರೂ 1972ರ ಕಾಯಿದೆಯಲ್ಲಿ ಇನ್ನೊಂದು ಬಾಗಿಲಿದೆ. ನೂರು ತುಂಬದ ಕಲಾಕೃತಿಯನ್ನು ಅದರ ಕಲಾತ್ಮಕ ಮೌಲ್ಯವನ್ನು ಪರಿಗಣಿಸಿ ಕೇಂದ್ರ ಸರಕಾರ ‘ಕಲಾನಿಧಿ’ಯೆಂದು ಅಧಿಸೂಚಿಸಬಹುದು, ಕರ್ತೃ ಜೀವಂತವಾಗಿರಬಾರದೆಂಬುದೊಂದೇ ನಿರ್ಬಂಧ. ರಾಜಾ ರವಿವರ್ಮ, ರವೀಂದ್ರನಾಥ ಠಾಕೂರ್, ಅಮೃತಾ ಶೇರ್‌ಗಿಲ್ ಮೊದಲಾದವರ ಕೃತಿಗಳು ಈ ರೀತಿ ರಕ್ಷಣೆ ಪಡೆದಿವೆ. ವಿದೇಶದಲ್ಲಿ ಹುಟ್ಟಿದವರೆಂಬ ಅಡ್ಡಿಯೂ ಇಲ್ಲ. ಬೆಂಗಳೂರಿನ ತಾತಗುಣಿಯಲ್ಲಿ ನೆಲೆಸಿದ್ದ ಸ್ವೆತೊಸ್ಲಾವ್ ರೋರಿಕ್ ಅವರ ತಂದೆ, ರಷ್ಯದ ನಿಕೊಲಾಯ್ ರೋರಿಕ್ ಆ ಪಟ್ಟಿಯಲ್ಲಿದ್ದಾರೆ. ಚಿತ್ರಪಟ ಕಲಾಕೃತಿಯಾಗುವುದಾದರೆ ಕುರ್ಚಿಯೇಕೆ ಆಗಬಾರದು? ಕಾಯಿದೆಯ ಪದಗಳಲ್ಲಿ ಅದನ್ನು ಹೊರಗಿಡುವಂಥದೇನೂ ಇಲ್ಲ. ಕೂರುವ ವಸ್ತುವನ್ನು ಕಲೆಯೆಂದು ಎಣಿಸಲು ಕಡತಗಳಿಗೆ ಸಂಕೋಚ, ಅಷ್ಟೆ.

2011ರಲ್ಲಿ ಕೇಂದ್ರ ಗೃಹ ಸಚಿವಾಲಯ ಚಂಡೀಗಢದ ಪಾರಂಪರಿಕ ವಸ್ತುಗಳ ಮಾರಾಟ, ಹರಾಜುಗಳನ್ನು ನಿಷೇಧಿಸಿ ಆದೇಶ ಹೊರಡಿಸಿತು. ಉಳಿದವುಗಳ ಎಣಿಕೆ ನಡೆಯಿತು. ಪಟ್ಟಿಗೆ ಸೇರಿದವು 12,793. ನಗರದ ನ್ಯಾಯವಾದಿ ಅಜಯ್ ಜಗ್ಗಾ ಅವರು ವಿದೇಶದಲ್ಲಿ ಹರಾಜು ನಡೆದಾಗಲೆಲ್ಲ ಸಚಿವರಿಗೆ, ರಾಯಭಾರ ಕಚೇರಿಗಳಿಗೆ ಪತ್ರ ಬರೆಯುತ್ತಲೇ ಇದ್ದಾರೆ. ಪಟ್ಟಿಯ ನಿಜವಾದ ಉಪಯೋಗ ಗೊತ್ತಿರುವುದು ನ್ಯಾಯಾಲಯದಲ್ಲಿ ಓಡಾಡಿದವರಿಗೆ: ಹರಾಜಾದುದನ್ನು ಮರಳಿ ಕೇಳುವ ಹಕ್ಕಿಲ್ಲ, ಆದರೆ ಪಟ್ಟಿಯಲ್ಲಿರುವ ವಸ್ತು ಕಾಣೆಯಾದರೆ ಅದು ಕಳವು. ಪೊಲೀಸರಲ್ಲಿ ದೂರು ಕೊಡಬಹುದು, ಸಂಖ್ಯೆಯನ್ನು ತೋರಿಸಿ ನಮ್ಮದೆಂದು ಸಾಧಿಸಬಹುದು. ನೂರರ ಹೊಸ್ತಿಲಲ್ಲಿರುವ, ನೂರನ್ನು ದಾಟಿರುವ ಗಡಿನಾಡಿನ ಕನ್ನಡ ಶಾಲೆಗಳಿಗೂ ಇದು ಅನ್ವಯಿಸುತ್ತದೆ. ಹೊಸ ಕಟ್ಟಡ ಮಂಜೂರಾದ ಸಂಭ್ರಮದಲ್ಲಿ ಹಳೆಯ ಬೀಟೆಯ ಮೇಜು, ತೇಗದ ಕಪಾಟುಗಳನ್ನು ಗುಜರಿಗೆ ತೂಗಿ ಕೊಡುವ ಮುನ್ನ ರಕ್ಷಕ ಶಿಕ್ಷಕ ಸಂಘದವರು ದಾಸ್ತಾನು ಪುಸ್ತಕವನ್ನೊಮ್ಮೆ ತೆರೆಸಿ, ಪ್ರತಿ ವಸ್ತುವಿನ ಛಾಯಾಚಿತ್ರ ತೆಗೆಸಿಡುವುದಕ್ಕೆ ಯಾವ ಸರಕಾರದ ಅಪ್ಪಣೆಯೂ ಬೇಕಾಗದು.

ಚರಸ್ವತ್ತಿನ ಪಾಡು ಹೀಗಾದರೆ ಸ್ಥಿರಸ್ವತ್ತಿನದು ಬೇರೆ. 2016ರಲ್ಲಿ ಚಂಡೀಗಢದ ಕ್ಯಾಪಿಟಲ್ ಸಮುಚ್ಚಯ ಏಳು ದೇಶಗಳಲ್ಲಿ ಹರಡಿರುವ ಕಾರ್ಬೂಸಿಯೆಯವರ 17 ನಿರ್ಮಾಣಗಳಲ್ಲಿ ಒಂದಾಗಿ ವಿಶ್ವಪರಂಪರೆಯ ಪಟ್ಟಿಗೆ ಸೇರಿತು. ವಾಸದ ಮನೆಗಳ ವಿಚಾರದಲ್ಲಿ ಇನ್ನೂ ಮುಖ್ಯವಾದುದು 2023ರ ಜನವರಿ 10ರ ಸುಪ್ರೀಂ ಕೋರ್ಟಿನ ತೀರ್ಪು. ಒಂದು ಕುಟುಂಬಕ್ಕೆಂದು ಯೋಜಿಸಿದ ನಿವೇಶನದಲ್ಲಿ ಮೂರು ಅಂತಸ್ತು ಎಬ್ಬಿಸಿ, ಪಾಲುಗಳ ರೂಪದಲ್ಲಿ ಮೂವರಿಗೆ ಮಾರುವ ಪರಿಪಾಟಿ ಅಲ್ಲಿ ಬೆಳೆದಿತ್ತು. ಅದಕ್ಕೆ ಅವಕಾಶ ನೀಡಿದ್ದ 2001ರ ನಿಯಮಗಳು ರದ್ದಾದ ಬಳಿಕವೂ ವ್ಯವಹಾರ ಹಿಂಬಾಗಿಲಿನಿಂದ ಮುಂದುವರಿದಿತ್ತು. ನ್ಯಾಯಮೂರ್ತಿ ಬಿ.ಆರ್. ಗವಾಯಿ ಹಾಗೂ ಕನ್ನಡತಿ ನ್ಯಾಯಮೂರ್ತಿ ಬಿ.ವಿ. ನಾಗರತ್ನ ಅವರ ಪೀಠ ಮೊದಲ ಹಂತದ, ಅಂದರೆ 1ರಿಂದ 30ರವರೆಗಿನ ಸೆಕ್ಟರುಗಳಲ್ಲಿ ಇದನ್ನು ನಿಲ್ಲಿಸಿತು. ಒಂದೇ ಮನೆಯನ್ನು ಮೂರಾಗಿಸುವ ಹುನ್ನಾರವಿರುವ ನಕ್ಷೆಗಳಿಗೆ ಮಂಜೂರಾತಿ ಕೊಡಕೂಡದೆಂದು ಆಡಳಿತಕ್ಕೆ ಆದೇಶಿಸಿತು. ವಸತಿಯ ಬೆಲೆ ಗಗನಕ್ಕೇರಿದ ನಗರದಲ್ಲಿ ಇದು ಮಧ್ಯಮವರ್ಗಕ್ಕೆ ಹೊರೆಯೆಂಬ ಆಕ್ಷೇಪವೂ ಇದೆ, ಅದು ನಿರಾಧಾರವಲ್ಲ. ಆದರೂ ಆ ಸೆಕ್ಟರುಗಳಲ್ಲಿ ಗಾಳಿ ಬೆಳಕು ಉಳಿದಿರುವುದು ಈ ಬಗೆಯ ಬಿಗಿಯಿಂದ.

ಇನ್ನು ವಿನ್ಯಾಸದ ಹಕ್ಕು ಯಾರದು? 1957ರ ಕೃತಿಸ್ವಾಮ್ಯ ಕಾಯಿದೆಯ 15ನೆಯ ಕಲಮಿನಂತೆ, ವಿನ್ಯಾಸವಾಗಿ ನೋಂದಾಯಿಸಬಹುದಾಗಿದ್ದೂ ನೋಂದಾಯಿಸದ ರೂಪದ ವಸ್ತುವನ್ನು ಔದ್ಯಮಿಕ ಕ್ರಮದಲ್ಲಿ ಐವತ್ತಕ್ಕಿಂತ ಹೆಚ್ಚು ಬಾರಿ ಉತ್ಪಾದಿಸಿದರೆ ಸ್ವಾಮ್ಯ ಅಂತ್ಯಗೊಳ್ಳುತ್ತದೆ. ನೋಂದಾಯಿಸಿದ ವಿನ್ಯಾಸಕ್ಕೂ ಈಗಿನ ಕಾಯಿದೆಯಲ್ಲಿ ಹದಿನೈದು ವರ್ಷಕ್ಕಿಂತ ಹೆಚ್ಚಿನ ಆಯುಸ್ಸಿಲ್ಲ. ಚಂಡೀಗಢದ ಕುರ್ಚಿಯನ್ನು ಭಾರತದಲ್ಲಿ ತನ್ನೊಬ್ಬನದೆಂದು ಸಾಧಿಸುವುದು ಯಾರಿಗೂ ಸುಲಭವಲ್ಲ. ಹೊಸದನ್ನು ಹಳೆಯದೆಂದು ಮಾರಿದರೆ ಮಾತ್ರ ವಂಚನೆ. ಬೆನ್ನಿಗೆ ಹುಸಿ ಸಂಖ್ಯೆ ಬರೆದ ಇಂತಹ ಕುರ್ಚಿಗಳೂ ಪೇಟೆಯಲ್ಲಿವೆ. ಬೆಂಗಳೂರಿನ ಫ್ಯಾಂಟಮ್ ಹ್ಯಾಂಡ್ಸ್ ಸಂಸ್ಥೆ ಹೊಸದನ್ನು ಹೊಸದೆಂದೇ ಹೇಳಿ, ತೇಗದಲ್ಲಿ, ಕೈಯಿಂದಲೇ ಬೆತ್ತ ಹೆಣೆಸಿ ಈ ಮಾದರಿಗಳನ್ನು ಮತ್ತೆ ತಯಾರಿಸುತ್ತಿದೆ. ಬೆಲೆ ಸಾಮಾನ್ಯರಿಗೆ ಎಟಕುವಂಥದಲ್ಲ. ಆದರೆ ಈ ಕುರ್ಚಿಯನ್ನು ರೂಪಿಸಿದ್ದೇ ಊರಿನ ಬಡಗಿಗಾಗಿ. ಬೆತ್ತ ಹೆಣೆಯಬಲ್ಲ ಮುದುಕರೊಬ್ಬರು, ತೇಗದ ನಾಲ್ಕು ಪಟ್ಟಿಗಳು, ಕಾಲುಗಳ ಓರೆಯನ್ನು ಅಳೆದು ಗುರುತು ಹಾಕಬಲ್ಲ ಹುಡುಗನೊಬ್ಬ ಸಿಕ್ಕಿದರೆ ಅದನ್ನು ಮಂಜೇಶ್ವರದಲ್ಲಿಯೂ ಮಾಡಬಹುದು, ಮಡಕಶಿರಾದಲ್ಲಿಯೂ ಮಾಡಬಹುದು.