ಪುಸಲಾಯಿಸಬೇಕೇ, ಮನವೊಲಿಸಬೇಕೇ?

ಉರ್ದುವಿನ ‘ಫುಸ್ಲಾನಾ’ ಕನ್ನಡದಲ್ಲಿ ‘ಪುಸಲಾಯಿಸು’ ಆಗಿದೆ. ಅಳುವ ಮಗುವಿಗೆ ಚಂದ್ರನನ್ನು ತೋರಿಸಿ ತುತ್ತು ಉಣಿಸುವುದೂ ಪುಸಲಾಯಿಸುವುದೇ. ಹುಸಿ ಆಸೆ ತೋರಿಸಿ ವಂಚಿಸುವುದಕ್ಕೂ ಇದೇ ಪದ. ‘ಮನವೊಲಿಸು’ ಹಾಗಲ್ಲ. ಅದರಲ್ಲಿ ಎದುರಿನವರ ಮನಸ್ಸು ತಿಳಿದು ಒಲಿಯಬೇಕು.

ನವಲಗುಂದದಲ್ಲಿ ಜಮಖಾನ ನೇಯುವ ತಾಯಿಯೊಬ್ಬರು ಎಸ್ಸೆಸ್ಸೆಲ್ಸಿ ಪಾಸಾದ ಮಗಳಿಗೆ, “ಈ ವರ್ಷ ಮನ್ಯಾಗಿರು ಬೇಟಿ, ಮುಂದಿನ ವರ್ಷ ಕಾಲೇಜಿಗೆ ಕಳಸ್ತೀನಿ” ಎಂದಿದ್ದರು. ಆ ಮುಂದಿನ ವರ್ಷ ಬರಲೇ ಇಲ್ಲ. ಮನೆಯ ಕಷ್ಟವನ್ನು ಬಿಚ್ಚಿ ಹೇಳಿ, ಮಗಳ ಮಾತನ್ನೂ ಕೇಳಿದ್ದರೆ ಇಬ್ಬರೂ ಸೇರಿ ಒಂದು ದಾರಿ ಹುಡುಕಬಹುದಿತ್ತು.

ಫಿರ್‌ಔನನೊಡನೆಯೂ ಮೃದುವಾಗಿ ಮಾತನಾಡಬೇಕೆಂದು ಪ್ರವಾದಿ ಮೂಸಾ(ಅ) ಮತ್ತು ಹಾರೂನ್(ಅ)ರಿಗೆ ಆದೇಶವಾದುದನ್ನು ಕುರ್‌ಆನಿನ ತಾಹಾ ಅಧ್ಯಾಯದಲ್ಲಿ ಓದುತ್ತೇವೆ. ಮಾತು ಮೃದುವಾಗಿತ್ತು, ಆದರೆ ಅವರು ಸತ್ಯವನ್ನು ಮುಚ್ಚಿಡಲಿಲ್ಲ. ಮಕ್ಕಳೊಡನೆ ನಮ್ಮ ಮಾತೂ ಹಾಗಿರಲಿ.